ಸೊಂಟದ ಬೆಲ್ಟು, ಬಿಸಿನೀರಿನ ಚೀಲ, ನೆಲದ ಮೇಲಿನ ಮೂರು ಕಸರತ್ತು: ಉಳುಕಿದ ಸೊಂಟಕ್ಕೆ ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಪುಕ್ಕಟೆಯದು. ದುಡ್ಡು ಕೊಟ್ಟು ತಂದ ಸೊಂಟದ ಬೆಲ್ಟು ಈಗ ಬೀರುವಿನ ಕೆಳಗಿನ ಖಾನೆಯಲ್ಲಿ, ತನ್ನ ವೆಲ್ಕ್ರೋಗೆ ಒಂಟಿ ಕಾಲುಚೀಲ ಅಂಟಿಸಿಕೊಂಡು ಬಿದ್ದಿದೆ. ಅದರ ಮೇಲಿನ ಸಿಟ್ಟು ಈ ಹೋಲಿಕೆಯಲ್ಲಿ ಕಂಡರೆ ಕಾಣಲಿ.

ನಾನು ವಾರಕ್ಕೆ ಮೂರು ದಿನ ಭಾರ ಎತ್ತುವವನು, ಎರಡು ದಿನ 10 ಮೀಟರ್ ಏರ್ ರೈಫಲ್ (ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ಬಂದೂಕು) ಶೂಟ್ ಮಾಡುವವನು. ಎರಡೂ ಹವ್ಯಾಸ, ಯಾವುದರಲ್ಲೂ ಪದಕದ ಆಸೆಯಿಲ್ಲ. ಆವತ್ತು ಡೆಡ್‌ಲಿಫ್ಟ್‌ನ ಕೊನೆಯ ಸೆಟ್, ಅಂದರೆ ನೆಲದ ಮೇಲಿನ ಭಾರದ ಬಾರನ್ನು ಬಗ್ಗಿ ಹಿಡಿದು ನೆಟ್ಟಗೆ ನಿಲ್ಲುವ ಕಸರತ್ತು. ಭಾರ ಹೊಸದೇನಲ್ಲ, ಮೊದಲೂ ಎತ್ತಿದ್ದೇ. ನಾಲ್ಕನೇ ಸಲ ಬಾರ್ ನೆಲ ಬಿಡುವಾಗ ಸೊಂಟ ಒಂಚೂರು ಗೂನಾಯಿತು, ಎಡಗಡೆ ಯಾರೋ ಚಿವುಟಿದ ಹಾಗಾಯಿತು. ಜಾಣರು ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಐದನೆಯದನ್ನೂ ಎತ್ತಿದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಬಗ್ಗಿದವನು ಹಾಗೇ ಉಳಿದುಬಿಟ್ಟೆ, ಬಾಯಿತುಂಬ ನೀರು, ಒಂದು ಕೈ ಗೋಡೆಯ ಮೇಲೆ.

ಡಾಕ್ಟರು ಬಗ್ಗಿಸಿ, ಕಾಲೆತ್ತಿಸಿ ನೋಡಿ, ಸ್ನಾಯು ಉಳುಕಿದೆ, ನರಕ್ಕೇನೂ ಆಗಿಲ್ಲ ಅಂದರು. ಈ ಬರಹವೆಲ್ಲ ಅಂಥ ಉಳುಕಿನ ಬಗ್ಗೆ ಮಾತ್ರ. ಕಾಲು ಸೋಲುತ್ತಿದ್ದರೆ, ತೊಡೆಸಂದಿನ ಸುತ್ತ ಮುಟ್ಟಿದ್ದು ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ, ಜ್ವರವೂ ಜೊತೆಗಿದ್ದರೆ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಶೂಟಿಂಗ್ ಅಂದರೆ ಸುಮ್ಮನೆ ನಿಂತು ಟ್ರಿಗರ್ ಒತ್ತುವುದು, ಅದಕ್ಕೂ ಸೊಂಟಕ್ಕೂ ಏನು ಸಂಬಂಧ ಎಂದು ಜಿಮ್ಮಿನ ಗೆಳೆಯರು ಕೇಳಿದ್ದರು. ರೈಫಲ್ ಹಿಡಿದು ನಿಂತವರನ್ನು ಒಮ್ಮೆ ಪಕ್ಕದಿಂದ ನೋಡಬೇಕು. ಬಲಗೈಯವರಾದರೆ ಸೊಂಟದ ಎಡಭಾಗ ಗುರಿಯ ಕಡೆ ಮುಂದಾಗುತ್ತದೆ, ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರುತ್ತದೆ, ಬೆನ್ನು ಹಿಂದಕ್ಕೆ ವಾಲಿ ಒಂದಿಷ್ಟು ತಿರುಚಿಕೊಳ್ಳುತ್ತದೆ. ರೈಫಲ್ 5.5 ಕಿಲೋವರೆಗೆ ತೂಗಬಹುದು. ಆ ಭಾರವನ್ನು ತೋಳು ಹೊರಬಾರದು, ಮೂಳೆ ಹೊರಬೇಕು ಅನ್ನುವುದು ಲೆಕ್ಕಾಚಾರ. ಕೊನೆಗೆ ಎಲ್ಲ ಬಂದು ಕೂರುವುದು ಸೊಂಟದ ಕೆಳಭಾಗದ ಮೇಲೆ. ಪಂದ್ಯವೆಂದರೆ 60 ಶಾಟ್, 75 ನಿಮಿಷ, ಅದಕ್ಕೂ ಮುಂಚೆ 15 ನಿಮಿಷದ ತಯಾರಿ. ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. ಉಳುಕಿದ ಸ್ನಾಯು ಒಮ್ಮೆ ಮಿಡಿದರೆ ಸಾಕು, ಹತ್ತು ಹೋಗಿ ಎಂಟಾಗುತ್ತದೆ.

ಹಾಸಿಗೆಯ ವಿಷಯ ಬೇಗ ಮುಗಿಸುತ್ತೇನೆ. ಒಂದೂವರೆ ದಿನ ಮಲಗಿದೆ, ಏಳುವುದು ಇನ್ನಷ್ಟು ಕಷ್ಟವಾಯಿತು. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಒಂದು ಪ್ರಯೋಗದಲ್ಲೂ ಮಲಗಿದವರಿಗಿಂತ, ನೋವು ಬಿಟ್ಟಷ್ಟು ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದ್ದರು. ಮೊದಲ ದಿನಗಳಲ್ಲೇ ಬೆನ್ನು ಬಗ್ಗಿಸುವ ವ್ಯಾಯಾಮಕ್ಕೆ ಇಳಿದವರೂ ಅವರಿಗಿಂತ ಹಿಂದೆಯೇ ಉಳಿದರು. ಅದನ್ನು ಓದಿಯೇ ನಾನು ಕಸರತ್ತನ್ನು ಎರಡನೇ ವಾರಕ್ಕೆ ತಳ್ಳಿದ್ದು.

ಈಗ ಬೆಲ್ಟಿನ ಕತೆ. ಮೂರನೇ ದಿನ ಗಾಬರಿಯಲ್ಲಿ ತಂದೆ. ಭಾರ ಎತ್ತುವವರು ಕಟ್ಟುವ ಗಟ್ಟಿ ಚರ್ಮದ ಪಟ್ಟಿಯಲ್ಲ ಇದು. ಅಗಲವಾದ ಎಲಾಸ್ಟಿಕ್, ಒಳಗೆ ಬೆನ್ನುದ್ದಕ್ಕೆ ನಾಲ್ಕು ಪ್ಲಾಸ್ಟಿಕ್ ಕಡ್ಡಿ, ಮುಂದೆ ಅಂಗೈಯಗಲದ ವೆಲ್ಕ್ರೋ. ಮೊದಲೆರಡು ದಿನ ನಿಜಕ್ಕೂ ಆರಾಮ ಕೊಟ್ಟಿತು. ಕುರ್ಚಿಯಿಂದ ಏಳುವಾಗ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಆ ಖುಷಿಯಲ್ಲಿ ಹತ್ತನೇ ದಿನ ಅದನ್ನು ಕಟ್ಟಿಕೊಂಡೇ ಶೂಟಿಂಗ್ ರೇಂಜಿಗೆ ಹೋದೆ. ತಪ್ಪಿದ್ದು ಅಲ್ಲೇ.

ಮೊಣಕೈ ಕೂರುವ ಮೂಳೆಯ ಮೇಲೇ ಬೆಲ್ಟಿನ ಮೇಲಂಚು ಬರುತ್ತದೆ. ಶೂಟಿಂಗ್ ಜಾಕೆಟ್ಟಿನ ಕೆಳಗೆ ಬೆಲ್ಟು, ಬೆಲ್ಟಿನ ಕೆಳಗೆ ಮೂಳೆ. ವರ್ಷಗಟ್ಟಲೆ ಒಂದೇ ಗುಳಿಯಲ್ಲಿ ಕೂತು ಅಭ್ಯಾಸವಾದ ಮೊಣಕೈಗೆ ಈಗ ಎಲಾಸ್ಟಿಕ್ಕಿನ ದಿಬ್ಬ ಸಿಕ್ಕಿತು. ಕೂರಿಸಿದರೆ ಜಾರುತ್ತದೆ, ಒತ್ತಿ ಕೂರಿಸಿದರೆ ಕಡ್ಡಿ ಪಕ್ಕೆಗೆ ಚುಚ್ಚುತ್ತದೆ. ಬೆಲ್ಟನ್ನು ಕೆಳಗಿಳಿಸಿದೆ, ನಾಲ್ಕು ಶಾಟಿನೊಳಗೆ ಅದು ತಾನಾಗಿ ಮೇಲೆ ಬಂತು. ಪ್ಯಾಂಟಿನೊಳಗೆ ಸಿಕ್ಕಿಸಿದೆ, ಬಗ್ಗಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕುವಾಗ ಮತ್ತೆ ಮೇಲೆ.

ಅದಕ್ಕಿಂತ ದೊಡ್ಡ ಕಾಟ ಅದರ ಸದ್ದು. ಉಸಿರನ್ನು ಅರ್ಧ ಬಿಟ್ಟು ತಡೆಹಿಡಿಯುವ ಕ್ಷಣವೊಂದಿದೆ, ಇಡೀ ಆಟ ಇರುವುದೇ ಆ ಕ್ಷಣದಲ್ಲಿ. ಸರಿಯಾಗಿ ಆಗಲೇ ಹೊಟ್ಟೆ ಒಳಸೇರಿ ವೆಲ್ಕ್ರೋ ಚರಕ್ ಎನ್ನುತ್ತದೆ. ಟ್ರಿಗರಿನ ಮೊದಲ ಒತ್ತು ಮುಗಿದು ಎರಡನೆಯದಕ್ಕೆ ಬೆರಳು ತಾಗಿರುತ್ತದೆ. ಸದ್ದಿಗೆ ಮೈ ಒಂದು ಸಲ ಬೆಚ್ಚಿ ಪೆಲೆಟ್ ಹೊರಟೇ ಹೋಗುತ್ತದೆ. ಪಕ್ಕದ ಲೇನಿನವರು ಮೊದಲ ಸಲ ತಿರುಗಿ ನೋಡಿದರು, ಮೂರನೇ ಸಲ ನಕ್ಕರು. ನಾನು ಬೆಲ್ಟು ಸಡಿಲಿಸಿದೆ. ಸಡಿಲಿಸಿದ ಮೇಲೆ ಅದನ್ನು ಕಟ್ಟಿಕೊಂಡು ಪ್ರಯೋಜನವೇನು?

ಇಷ್ಟಾದರೂ ಬಿಡಲಿಲ್ಲ, ದುಡ್ಡು ಕೊಟ್ಟಿದ್ದೆನಲ್ಲ. ಬೆಲ್ಟಿನ ಸಮೇತ ಭಂಗಿಯನ್ನೇ ಹೊಸದಾಗಿ ಕಟ್ಟಿಕೊಂಡೆ. ಪಾದ ಇಟ್ಟ ಜಾಗ ಬದಲಿಸಿದೆ, ರೈಫಲ್ಲಿನ ಹಿಂತುದಿಯಲ್ಲಿ ಭುಜಕ್ಕೆ ಒತ್ತುವ ಬಟ್‌ಪ್ಲೇಟ್ ಒಂದು ಗೆರೆ ಇಳಿಸಿದೆ. ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ ಕಣ್ಣು ತೆರೆದಾಗ ಸೈಟು (ರೈಫಲ್ ಮೇಲಿನ ಗುರಿಕಿಂಡಿ) ಎಲ್ಲಿ ನಿಂತಿದೆಯೋ ಅದೇ ಮೈಯ ಸಹಜ ಗುರಿ, ಅದೂ ನೆಟ್ಟಗಾಯಿತು. ಸ್ಕೋರು ಮೇಲೇಳತೊಡಗಿತು. ಆಗ ಕ್ಲಬ್ಬಿನ ಹಿರಿಯರೊಬ್ಬರು, "ಇದನ್ನ ಕಟ್ಕೊಂಡು ಮ್ಯಾಚಿಗೆ ನಿಲ್ಲೋಕೆ ಬಿಡ್ತಾರೇನ್ರೀ?" ಎಂದು ಕೇಳಿದರು. ಬಿಡುವುದಿಲ್ಲ. ಮೈ ಕೈ ಕಾಲುಗಳ ಚಲನೆಯನ್ನು ಕಟ್ಟಿಹಾಕುವ ಅಥವಾ ಅತಿಯಾಗಿ ತಗ್ಗಿಸುವ ಯಾವ ಸಾಧನವನ್ನೂ ಉಡುಪನ್ನೂ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ ಒಪ್ಪುವುದಿಲ್ಲ. ಆಟಗಾರರು ಮೈಗೆ ಅಂಟಿಸಿಕೊಳ್ಳುವ ಕೈನೀಸಿಯೋ ಟೇಪನ್ನೂ ಅದು ಹೆಸರು ಹಿಡಿದೇ ಸೇರಿಸಿದೆ. ಅಲ್ಲಿಗೆ ಟೇಪು ಕೊಳ್ಳುವ ನನ್ನ ಮುಂದಿನ ಯೋಜನೆಯೂ ಮುಗಿಯಿತು. ಬೆಲ್ಟು ಬಿಚ್ಚಿ ನಿಂತು ನೋಡಿದರೆ ಸಹಜ ಗುರಿ ಪಕ್ಕದ ಲೇನಿನ ಟಾರ್ಗೆಟ್ಟಿನ ಮೇಲೆ ನಿಂತಿತ್ತು. ಎರಡು ವಾರ ಕೂತು ಕಲಿತದ್ದು ಬೆಲ್ಟಿನ ಭಂಗಿಯನ್ನು, ನನ್ನದನ್ನಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಮುಂದೆಯಾದರೂ ಉಳುಕದ ಹಾಗೆ ಕಾಯುತ್ತದೆಯೇ ಅಂದರೆ, ಸೊಂಟನೋವು ಬಾರದಂತೆ ತಡೆಯುವ ವಿಷಯದಲ್ಲಿ ಬೆಲ್ಟು ಏನೂ ಮಾಡದಿರುವುದಕ್ಕಿಂತ ಮೇಲೇನಲ್ಲ ಎಂದು ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ಪರಾಮರ್ಶೆ ಹೇಳಿದೆ. ಕೊಳ್ಳುವ ಮುಂಚೆ ಇದನ್ನು ಓದಿರಲಿಲ್ಲ.

ಬಿಸಿನೀರಿನ ಚೀಲದ ಮೇಲೆ ನನಗೆ ದೂರಿಲ್ಲ. ಟವೆಲ್ಲಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ ಸೊಂಟಕ್ಕೆ ಕೊಟ್ಟರೆ ಬಿಗಿ ಬಿಡುತ್ತದೆ, ಬೂಟಿನ ಲೇಸು ಕಟ್ಟುವಷ್ಟು ಬಗ್ಗಬಹುದು. ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲೂ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಹೇಳಿದ ಉಪಾಯಗಳಲ್ಲಿ ಬಿಸಿಶಾಖವಿದೆ. ಕೊರತೆ ಒಂದೇ. ಮನೆಯಲ್ಲಿ ಬಿಟ್ಟ ಬಿಗಿ ರೇಂಜು ಮುಟ್ಟಿ ಜಾಕೆಟ್ಟು ಹಾಕುವಷ್ಟರಲ್ಲಿ ಮತ್ತೆ ಹಿಡಿದಿರುತ್ತದೆ. ಎರಡನೇ ಸ್ಥಾನ ಇದಕ್ಕೇ.

ಅದುರುತ್ತ ಸ್ನಾಯು ನೀವುವ ಮಸಾಜ್ ಗನ್ ಎರವಲು ತಂದೆ. ಗುರುಗುಟ್ಟುವಷ್ಟು ಹೊತ್ತು ಹಿತ, ಆರಿಸಿದರೆ ಮುಗಿಯಿತು.

ಮಾತ್ರೆಯ ಬಗ್ಗೆ ಎರಡೇ ಮಾತು. ಪ್ಯಾರಾಸಿಟಮಾಲ್ ನುಂಗಿದವರು ಬರಿಯ ಹಿಟ್ಟಿನ ಮಾತ್ರೆ ನುಂಗಿದವರಿಗಿಂತ ಬೇಗ ಗುಣವಾಗಲಿಲ್ಲ ಎಂದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗ ತೋರಿಸಿದೆ. ಸ್ನಾಯು ಸಡಿಲಿಸುವ ಮಾತ್ರೆಗೆ ನನಗೆ ತೂಕಡಿಕೆ ಬರುತ್ತಿತ್ತು. ಅದನ್ನು ತೆಗೆದುಕೊಂಡ ದಿನ ರೈಫಲ್ ಮುಟ್ಟಲಿಲ್ಲ, ಮುಟ್ಟಲೂಬಾರದು.

ಇನ್ನು ಗೆದ್ದದ್ದು: ನಡಿಗೆ ಮತ್ತು ನೆಲದ ಮೇಲಿನ ಮೂರು ಕಸರತ್ತು. ಕಸರತ್ತುಗಳು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಲಾಬಲ ಅಳೆಯುತ್ತಿದ್ದ ಸ್ಟುವರ್ಟ್ ಮೆಕ್‌ಗಿಲ್ ಅವರವು. ಭಾರ ಎತ್ತುವವರೆಲ್ಲ ಕೇಳಿಯೇ ಇರುತ್ತಾರೆ, ಮಾಡುವವರು ಕಡಿಮೆ. ನಾನೂ ಕೇಳಿ ಬಿಟ್ಟವನೇ. ಫಿಸಿಯೋ ಮೇಡಂ ಬೆಲ್ಟನ್ನು ಬದಿಗಿಡಿಸಿ ಇದನ್ನು ಮಾಡಿಸಿದರು.

ಮೊದಲನೆಯದರಲ್ಲಿ ಅಂಗಾತ ಮಲಗಿ ಒಂದು ಮಂಡಿ ಮಡಚಿ, ಎರಡೂ ಅಂಗೈ ಸೊಂಟದಡಿ ಇಟ್ಟು ತಲೆ, ಭುಜವನ್ನು ನೆಲದಿಂದ ತುಸುವೇ ಎತ್ತುವುದು. ಸೊಂಟ ಅಲುಗಬಾರದು. ಎರಡನೆಯದು ಒಂದು ಮೊಣಕೈ ಮತ್ತು ಮಂಡಿಯ ಮೇಲೆ ಮಗ್ಗುಲಾಗಿ ಮೈ ಎತ್ತಿ ಹಿಡಿಯುವುದು. ಮೂರನೆಯದು ಅಂಬೆಗಾಲಿನ ಭಂಗಿಯಲ್ಲಿ ಬಲಗೈ, ಎಡಗಾಲು ಚಾಚುವುದು, ಮತ್ತೆ ಅದಲುಬದಲು. ಪ್ರತಿ ಹಿಡಿತ ಎಂಟು ಹತ್ತು ಸೆಕೆಂಡು ಮಾತ್ರ. ಆರು ಸಲ, ನಾಲ್ಕು ಸಲ, ಎರಡು ಸಲ ಎಂದು ಇಳಿಯುತ್ತ ಬರಬೇಕು. ಹೊತ್ತು ಹೆಚ್ಚಿಸಬಾರದು, ಬೇಕಾದರೆ ಸಲ ಹೆಚ್ಚಿಸಬಹುದು.

ಆ ಎಂಟು ಸೆಕೆಂಡು ಕೇಳಿದಾಗಲೇ ನನಗೆ ಹಿಡಿಸಿತು. ರೈಫಲ್ ಎತ್ತಿ, ಸೈಟು ಇಳಿದು, ನಿಂತು, ಟ್ರಿಗರ್ ಬಿಡುವುದಕ್ಕೆ ನನಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಹೊತ್ತಾದರೆ ರೈಫಲ್ ಇಳಿಸಬೇಕು ಅನ್ನುವುದನ್ನು ಯಾವ ಕೋಚೂ ಮೊದಲ ವಾರವೇ ಹೇಳಿರುತ್ತಾರೆ. ಬೆಲ್ಟು ಹೊರಗಿನಿಂದ ಕಟ್ಟಿ ನಿಲ್ಲಿಸುತ್ತಿದ್ದದ್ದನ್ನು ಇದು ಒಳಗಿನಿಂದ ನಿಲ್ಲಲು ಕಲಿಸುತ್ತದೆ.

ಮೂರನೆಯದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. 500 ಪೆಲೆಟ್ ಹಿಡಿಯುವ ತಗಡಿನ ಡಬ್ಬಿಯಲ್ಲಿ ಕಾಲುಭಾಗ ಉಳಿದಿತ್ತು. ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ಕೈಕಾಲು ಚಾಚಿದೆ. ತುಂಬಿದ ಡಬ್ಬಿ ಸುಮ್ಮನಿರುತ್ತದೆ. ಅರೆಬರೆ ತುಂಬಿದ್ದು ಕೂದಲೆಳೆಯಷ್ಟು ವಾಲಿದರೂ ಜಲಜಲ ಅನ್ನುತ್ತದೆ. ಮೊದಲ ದಿನ ಎಡಗಾಲು ಚಾಚಿದಾಗಲೆಲ್ಲ ಡಬ್ಬಿ ಉರುಳಿ, ಪೆಲೆಟ್ಟೆಲ್ಲ ಮಂಚದಡಿ. ಬಗ್ಗಿ ಆರಿಸುವ ಹಾಗೂ ಇಲ್ಲ, ಮಂಡಿಯೂರಿ ಪೊರಕೆಯಲ್ಲಿ ಎಳೆದುಕೊಂಡೆ. ನೆಲಕ್ಕೆ ಬಿದ್ದು ಅಂಚು ನಗ್ಗಿದ ಪೆಲೆಟ್ ಸ್ಕೋರಿಗೆ ಬಾರದು, ಅವನ್ನೆಲ್ಲ ಬೇರೆ ಇಟ್ಟೆ. ಮೂರನೇ ವಾರದ ಹೊತ್ತಿಗೆ ಆರೂ ಸಲ ಸದ್ದಿಲ್ಲ. (ಸೀಸದ ಪೆಲೆಟ್ ಮುಟ್ಟಿದ ಕೈ ತೊಳೆದೇ ಬೇರೆ ಕೆಲಸ.)

ಎರಡನೆಯ ಕಸರತ್ತು ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ಬಲ ಮಗ್ಗುಲಲ್ಲಿ ಹತ್ತು ಸೆಕೆಂಡು ಸಲೀಸು, ಎಡ ಮಗ್ಗುಲಲ್ಲಿ ಆರಕ್ಕೇ ನಡುಕ. ವರ್ಷಗಟ್ಟಲೆ ಒಂದೇ ಕಡೆ ವಾಲಿ ನಿಂತವನ ಸೊಂಟದ ಎರಡು ಬದಿ ಒಂದೇ ಸಮ ಇರುವುದಾದರೂ ಹೇಗೆ? ಆ ಓರೆ ಸೊಂಟ ಹೊತ್ತು ಡೆಡ್‌ಲಿಫ್ಟ್‌ಗೆ ಹೋಗಿದ್ದೆ. ಉಳುಕಿದ್ದು ಎಡಗಡೆಯೇ. ಕಾರಣ ಇದೇ ಎಂದು ಆಣೆ ಮಾಡಲಾರೆ, ಗುಮಾನಿಯಂತೂ ಬಲವಾಗಿದೆ.

ನಡಿಗೆ ಹತ್ತು ನಿಮಿಷಕ್ಕೆ ಶುರುವಾಗಿ ದಿನಕ್ಕೆ ಮೂರು ಸಲ, ಆಮೇಲೆ ಅರ್ಧ ಗಂಟೆಯ ಒಂದು ಸುತ್ತು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗದಲ್ಲಿ, ಸೊಂಟನೋವಿನಿಂದ ಗುಣವಾದ ಮೇಲೆ ಕ್ರಮವಾಗಿ ನಡಿಗೆ ಮಾಡಿದವರಿಗೆ ನೋವು ಮರಳಿ ಬರಲು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 208 ದಿನ ಹಿಡಿದರೆ, ಮಾಡದವರಿಗೆ 112 ದಿನ. ಬೇಸರದ ಕೆಲಸ, ಒಪ್ಪಿಕೊಳ್ಳುತ್ತೇನೆ. ನನಗೆ ಫೋನಿನಲ್ಲಿ ಮಾತಾಡುವ ಚಟವಿದೆ, ಮಾತೆಲ್ಲ ನಡಿಗೆಗೆ ಎತ್ತಿಟ್ಟೆ.

ಆ ನಡುವೆ ರೇಂಜಿನಲ್ಲಿ ಏನು ಮಾಡಿದೆ ಎಂದು ಕೇಳಿದರೆ, ಕ್ಲಬ್ಬಿನ ಏರ್ ಪಿಸ್ತೂಲ್ ಹಿಡಿದೆ. ತೂಕ 1.5 ಕಿಲೋ ಮೀರುವಂತಿಲ್ಲ, ನೆಟ್ಟಗೆ ನಿಂತು ಒಂದೇ ಕೈಯಲ್ಲಿ ಚಾಚುವುದು, ಬೆನ್ನು ವಾಲಿಸುವ ಮಾತಿಲ್ಲ. ಸೊಂಟಕ್ಕೆ ಹಬ್ಬ, ಸ್ಕೋರಿಗೆ ಸೂತಕ. ಮನೆಯಲ್ಲಿ ಡ್ರೈ ಫೈರ್, ಅಂದರೆ ಖಾಲಿ ರೈಫಲ್ಲಿನ ಟ್ರಿಗರ್ ಒತ್ತುವ ಅಭ್ಯಾಸ, ಮೊದಲು ಸ್ಟೂಲಿನ ಮೇಲೆ ಕೂತು, ಆಮೇಲೆ ನಿಂತು ಐದೇ ಸಲ. ನಾಲ್ಕನೇ ವಾರ ರೇಂಜಿನಲ್ಲಿ ಹತ್ತು ಶಾಟ್, ಆರನೇ ವಾರ ಮೂವತ್ತು, ಒಂಬತ್ತನೇ ವಾರ ಪೂರ್ತಿ 60. ಪ್ರತಿ ಶಾಟಿನ ನಡುವೆ ರೈಫಲ್ಲನ್ನು ಸ್ಟ್ಯಾಂಡಿಗೆ ಕೊಟ್ಟು ಬೆನ್ನು ನೆಟ್ಟಗೆ ಮಾಡುತ್ತಿದ್ದೆ. ವಿಚಿತ್ರವೆಂದರೆ ಅಷ್ಟೂ ದಿನಗಳಲ್ಲಿ ಸೊಂಟ ಮತ್ತೆ ಹಿಡಿದುಕೊಂಡದ್ದು ಒಂದೇ ಸಲ, ಅದೂ ಶೂಟ್ ಮಾಡುವಾಗಲ್ಲ. ನೆಲದ ಮೇಲಿಟ್ಟ ರೈಫಲ್ ಪೆಟ್ಟಿಗೆಯನ್ನು ಮಾತಾಡುತ್ತ ಅಡ್ಡಡ್ಡ ಬಗ್ಗಿ ಎತ್ತುವಾಗ.

ನನ್ನ ತೀರ್ಪು ನನ್ನ ಜೇಬಿಗೂ ಅಭ್ಯಾಸಕ್ಕೂ ತಕ್ಕದ್ದು. ಬೆಲ್ಟಿನ ದುಡ್ಡಿಗೆ ಐದಾರು ಡಬ್ಬಿ ಒಳ್ಳೆಯ ಪೆಲೆಟ್ ಬರುತ್ತಿತ್ತು, ಆ ಹೊಟ್ಟೆಯುರಿ ಇನ್ನೂ ಇದೆ. ದಿನಕ್ಕೆ ಹದಿನೈದು ನಿಮಿಷ ನೆಲದ ಮೇಲೆ ಉರುಳಾಡುವ ತಾಳ್ಮೆ ನನಗಿದೆ; ಇಲ್ಲದವರಿಗೆ ಇದು ಕೆಲಸ ಮಾಡದು. ದಿನವಿಡೀ ವಾಹನ ಓಡಿಸುವವರಿಗೆ ಮೊದಲ ವಾರ ಬೆಲ್ಟು ಆಸರೆಯಾದೀತು, ಶೂಟ್ ಮಾಡದವರಿಗೆ ಅದರ ಚರಕ್ ಸದ್ದಿನಿಂದ ನಷ್ಟವೂ ಇಲ್ಲ. ಬಿಸಿನೀರಿನ ಚೀಲ ಎಲ್ಲರ ಮನೆಯಲ್ಲೂ ಇರಲಿ.

ಡೆಡ್‌ಲಿಫ್ಟ್‌ಗೆ ಮರಳಿದ್ದೇನೆ, ಅರ್ಧ ಭಾರದಲ್ಲಿ, ಬಾರನ್ನು ಮಂಡಿಯೆತ್ತರದ ದಿಮ್ಮಿಗಳ ಮೇಲಿಟ್ಟು. ರೈಫಲ್ ಪೆಟ್ಟಿಗೆ ಈಗ ಮೇಜಿನ ಮೇಲೆ. ಎಡ ಮಗ್ಗುಲು ನಿನ್ನೆ ಒಂಬತ್ತು ಸೆಕೆಂಡು ನಿಂತಿತು.