ಗ್ಲೌಸ್ ಹಾಕಿದ ಕೈಗೂ ಒಗ್ಗಿದ ಮೆಂಬ್ರೇನ್ ಪ್ಯಾನೆಲ್

ನಮ್ಮ ಪ್ಯಾಕಿಂಗ್ ಮೆಷಿನ್‌ಗೆ ಹೊಸ ಮೆಂಬ್ರೇನ್ ಪ್ಯಾನೆಲ್ (ತೆಳು ಪ್ಲಾಸ್ಟಿಕ್ ಹಾಳೆಗಳ ಪದರದಲ್ಲೇ ಬಟನ್ ಇರುವ ಫಲಕ) ಮಾಡಿಸಿದೆ. ತುಂಬಾ ಖುಷಿಯಾಗಿದೆ. ಹಳೆಯದು ಪಾಲಿಕಾರ್ಬೊನೇಟ್ ಹಾಳೆಯದು. ಸ್ಟಾರ್ಟ್ ಬಟನ್ ಒತ್ತಿ ಒತ್ತಿ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಅಲ್ಲಿಂದ ಎಣ್ಣೆ ಒಳಗೆ ಇಳಿದು ಬಟನ್ ಕೆಲಸ ಮಾಡುವುದನ್ನೇ ನಿಲ್ಲಿಸಿತು.

ಈ ಸಲ ಪ್ಯಾನೆಲ್ ಮಾಡಿಕೊಟ್ಟವರು ಡ್ರಾಯಿಂಗ್ ಬಿಚ್ಚುವ ಮೊದಲೇ ಕೇಳಿದ್ದು, "ಕೆಲಸದವರು ಗ್ಲೌಸ್ ಹಾಕ್ತಾರಾ?" ಹೌದು ಅಂದೆ. ಬಟನ್ ದೊಡ್ಡದು ಮಾಡಿ, ಕೆಳಗೆ ಲೋಹದ ಡೋಮ್ (ಗುಮ್ಮಟದಂಥ ಪುಟ್ಟ ತಗಡು) ಕೂರಿಸಿದರು. ಈಗ ದಪ್ಪ ಗ್ಲೌಸ್‌ನಲ್ಲೂ 'ಟಕ್' ಅನ್ನೋದು ಬೆರಳಿಗೆ ಗೊತ್ತಾಗುತ್ತದೆ. ಸುಮ್ನೆ ಎರಡೆರಡು ಸಲ ಒತ್ತುವುದು ತಪ್ಪಿತು. ಮೇಲಿನ ಹಾಳೆ ಪಾಲಿಯೆಸ್ಟರ್. ಪದೇ ಪದೇ ಬಾಗಿದರೂ ಬೇಗ ಸೀಳುವುದಿಲ್ಲ. ಅಕ್ಷರಗಳನ್ನು ಹಾಳೆಯ ಹಿಂಬದಿಗೆ ಮುದ್ರಿಸಿದ್ದಾರೆ. ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಅವಕ್ಕೆ ತಾಗುವುದೇ ಇಲ್ಲ, ಅಲ್ವಾ?

ಒಂದು ಬೇಜಾರು: ಮೊದಲ ಸ್ಯಾಂಪಲ್‌ನಲ್ಲಿ ಕನೆಕ್ಟರ್‌ಗೆ ಹೋಗುವ ಬಾಲ (ಪ್ಯಾನೆಲ್ಲಿನಿಂದ ಹೊರಬರುವ ಚಪ್ಪಟೆ ಪಟ್ಟಿ) 20 ಮಿ.ಮೀ. ಗಿಡ್ಡವಾಗಿತ್ತು. ಎಳೆದು ಚೂಪಾಗಿ ಮಡಚಿದರೆ ಒಳಗೆ ಕರೆಂಟ್ ಹರಿಯುವ ಬೆಳ್ಳಿ ಶಾಯಿಯ ಗೆರೆ ಬಿರುಕು ಬಿಡುತ್ತದೆ. ಹೇಳಿದ ಕೂಡಲೇ ಉದ್ದ ಮಾಡಿಕೊಟ್ಟರು. ನೀವು ಮಾಡಿಸುವುದಾದರೆ, ಬಾಲದ ಅಳತೆಗೆ ಕಾಗದ ಕತ್ತರಿಸಿ, ಮೆಷಿನ್ ಒಳಗೆ ಕೂರಿಸಿ ನೋಡಿ, ಆಮೇಲೆ ಆರ್ಡರ್ ಕೊಡಿ.