ಫಾಲ್ಸ್ ಹತ್ರ ಬಿಸಿಲಿದೆ ಅಂತ ನೀರಿಗಿಳಿಬೇಡಿ

ಕಾರಲ್ಲಿ ಲಾಂಗ್ ಟ್ರಿಪ್ ಹೊರಟು, ದಾರೀಲಿ ಫಾಲ್ಸ್ ಸಿಕ್ರೆ ಸ್ವಲ್ಪ ಹೊತ್ತು ನೀರಲ್ಲಿ ಆಡ್ಕೊಂಡು ಹೋಗೋಣ ಅನ್ನೋರಿಗೆ ಇದನ್ನ ಬರೀತಿದೀನಿ. ಜಾಗದ ಹೆಸರು ಹಾಕಲ್ಲ. ಹಾಕಿದ್ರೆ ಅದೊಂದನ್ನ ಬಿಟ್ಟು ಪಕ್ಕದ ಫಾಲ್ಸ್‌ಗೆ ಹೋಗ್ತೀರ, ಅಲ್ಲೂ ಇದೇ ಕಥೆ ಇರುತ್ತೆ.

ಅಕ್ಕ, ಭಾವ, ಅವರ ಇಬ್ರು ಮಕ್ಕಳು, ನಾನು, ನನ್ನ ಹೆಂಡ್ತಿ ಹೋಗಿದ್ವಿ. ಮ್ಯಾಪಲ್ಲಿ ತೋರಿಸಿದ ಟೈಮಿಗೂ ನಿಜವಾಗಿ ಹಿಡಿದ ಟೈಮಿಗೂ ಸಂಬಂಧನೇ ಇರ್ಲಿಲ್ಲ, ಹೋಗ್ಲಿ ಬಿಡಿ, ಅದು ಎಲ್ಲಾ ಕಡೆ ಇರೋದೇ. ಫೋನಲ್ಲಿ ನೋಡಿದ ಫೋಟೋಗಳಲ್ಲೆಲ್ಲ ತಿಳಿ ನೀರು, ಮಕ್ಕಳು ಸೊಂಟದ ಮಟ್ಟ ನಿಂತ್ಕೊಂಡು ನಗ್ತಿರೋದು. ಅವೆಲ್ಲ ಬೇಸಿಗೇಲಿ ತೆಗೆದಿದ್ದು ಅಂತ ಅಲ್ಲಿ ಹೋಗಿ ನಿಂತಾಗಲೇ ಗೊತ್ತಾಗೋದು. ಸ್ಟಾರ್ ಎಷ್ಟಿದೆ ಅಂತ ನೋಡೋ ಬದಲು ನೀವು ಹೋಗೋ ತಿಂಗಳಲ್ಲಿ ಜನ ಏನು ಬರ್ದಿದಾರೆ ಅಂತ ನೋಡಿ.

ಟಿಕೆಟ್ ಕೌಂಟರಲ್ಲಿ ಅಕ್ಕ ಕೇಳಿದ್ಲು, ಮಕ್ಕಳು ನೀರಿಗಿಳಿಬಹುದಾ ಅಂತ. "ಆರಾಮಾಗಿ ಹೋಗಿ ಮೇಡಂ, ಇವತ್ತು ನೀರು ಕಮ್ಮಿ ಇದೆ" ಅಂದ, ತಲೆ ಕೂಡ ಎತ್ತಲಿಲ್ಲ. ಅವನ ಹಿಂದೆ ಗೋಡೆ ಮೇಲೆ "ಅಪಾಯ, ನೀರಿಗೆ ಇಳಿಯಬಾರದು" ಅಂತ ದೊಡ್ಡ ಬೋರ್ಡ್, ಅದರ ಪಕ್ಕದಲ್ಲೇ ಬಟ್ಟೆ ಬದಲಾಯಿಸೋ ರೂಮಿಗೆ ಬಾಣದ ಗುರುತು. ಇಳಿಯಬಾರದು ಅಂದ್ಮೇಲೆ ಬಟ್ಟೆ ಯಾಕಪ್ಪಾ ಬದಲಾಯಿಸ್ಬೇಕು? ಇಡೀ ಪಾರ್ಕ್ ನಡೀತಿರೋದೇ ಹೀಗೆ, ಏನಾದ್ರೂ ಆದ್ರೆ ತೋರಿಸೋಕೆ ಒಂದು ಬೋರ್ಡು, ಮಿಕ್ಕಿದ್ದೆಲ್ಲ ಜನರನ್ನ ನೀರಿಗಿಳಿಸೋ ವ್ಯವಸ್ಥೆ.

ಕೆಳಗೆ ಇಳಿದ್ವಿ. ಸುಡು ಬಿಸಿಲು, ಆಕಾಶ ನೀಲಿ. ಹೊಳೆ ನಡುವೆ ಒಂದು ದೊಡ್ಡ ಚಪ್ಪಟೆ ಬಂಡೆ, ದಡಕ್ಕೂ ಅದಕ್ಕೂ ನಡುವೆ ಪಾದ ಮುಳುಗೋವಷ್ಟು ನೀರು, ಎಲ್ಲರೂ ಅದನ್ನ ದಾಟಿ ಬಂಡೆ ಮೇಲೆ ಹೋಗಿ ಫೋಟೋ ತೆಗೀತಿದ್ರು. ಭಾವ, ದೊಡ್ಡ ಹುಡುಗ, ನಾನು ಆ ಕಡೆ ಹೋದ್ವಿ, ಮಿಕ್ಕವರು ದಡದಲ್ಲೇ ಕೂತಿದ್ರು. ಬಂಡೆ ಅಂಚಲ್ಲಿ ನೀರಿಗೆ ಕಾಲಿಟ್ಟುಕೊಂಡು ನಿಂತಿದ್ದ ಹುಡುಗ ಇದ್ದಕ್ಕಿದ್ದಂಗೆ "ಮಾಮಾ, ನನ್ನ ಕಾಲು ಕಾಣಿಸ್ತಿಲ್ಲ" ಅಂದ. ಆಗ ಬಗ್ಗಿ ನೋಡಿದ್ರೆ ನೀರು ಬಗ್ಗಡ ಆಗಿದೆ, ಒಣಗಿದ ಎಲೆ, ಕಡ್ಡಿ, ನೊರೆ ತೇಲ್ಕೊಂಡು ಬರ್ತಿದೆ, ಅಂಚಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ಆಗಲೇ ಹೊರಟುಹೋಗಿದೆ. ಫಾಲ್ಸ್ ಸದ್ದು ಕೂಡ ಬದಲಾಗಿತ್ತು, ಮೊದಲು ಸೊಯ್ ಅಂತಿದ್ದದ್ದು ಈಗ ಎದೆ ಒಳಗೆ ಗುಡುಗಿದಂಗೆ. ಮೆಟ್ಟಿಲ ಮೇಲೆ ಗಾರ್ಡ್ ಕೆನ್ನೆ ಉಬ್ಬಿಸ್ಕೊಂಡು ಸೀಟಿ ಊದ್ತಿದ್ದ, ನಮಗೆ ಕಾಣಿಸ್ತಿತ್ತೇ ಹೊರತು ಒಂದು ಚೂರೂ ಕೇಳಿಸ್ತಿರ್ಲಿಲ್ಲ. ಫಾಲ್ಸ್ ಪಕ್ಕದಲ್ಲಿ ಸೀಟಿ ಕೊಟ್ಟು ನಿಲ್ಲಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಒಂದು ಕೆಂಪು ಬಾವುಟ ಕೊಟ್ಟಿದ್ರೂ ಆಗ್ತಿತ್ತು.

ನಾವು ತಿರುಗಿ ನೋಡೋಷ್ಟರಲ್ಲಿ ಪಾದದ ಮಟ್ಟ ಇದ್ದ ನೀರು ತೊಡೆ ಮಟ್ಟ ಬಂದಿತ್ತು. ಭಾವ ಹುಡುಗನ್ನ ಹೆಗಲ ಮೇಲೆ ಕೂರಿಸ್ಕೊಂಡು ದಾಟೇಬಿಡ್ತೀನಿ ಅಂತ ಹೊರಟ್ರು. ಬಂಡೆ ಮೇಲಿದ್ದ ವಯಸ್ಸಾದವರೊಬ್ರು ಅವರ ತೋಳು ಹಿಡಿದು ಎಳೆದು "ಸುಮ್ನೆ ಮೇಲೆ ಹತ್ತಿ ಕೂತ್ಕೊಳ್ರೀ, ನೀರು ಇವತ್ತಲ್ಲ ನಾಳೆ ಇಳಿಯುತ್ತೆ, ನೀವು ಹೋದ್ರೆ ಮಗು ಸಿಗಲ್ಲ" ಅಂತ ಗದರಿದ್ರು. ಅವರು ತೋರಿಸಿದ್ದು ಬಂಡೆ ತುದೀಲಿ ಬಿರುಕಲ್ಲಿ ಬೇರು ಬಿಟ್ಟಿದ್ದ ಗಿಡ. ಕಾಂಡ ಹೆಬ್ಬೆರಳಿಗಿಂತ ದಪ್ಪ ಇತ್ತು. ಅದು ಅಷ್ಟು ಬೆಳೆದಿದೆ ಅಂದ್ರೆ ಆ ಎತ್ತರಕ್ಕೆ ನೀರು ಸುಲಭಕ್ಕೆ ಬರಲ್ಲ ಅಂತ ಅವರ ಲೆಕ್ಕ. ಎಲ್ಲರೂ ಆ ಗಿಡದ ಸುತ್ತ ಒತ್ತೊತ್ತಾಗಿ ಕೂತ್ವಿ. ದಡದಲ್ಲಿ ಅಕ್ಕ ಏನೋ ಕೂಗ್ತಿದ್ಲು, ಬಾಯಿ ಆಡೋದಷ್ಟೇ ಕಾಣ್ತಿತ್ತು. ಹಗ್ಗ, ಲೈಫ್ ಜಾಕೆಟ್ ತರೋಕೆ ಪಾರ್ಕ್‌ನವರಿಗೆ ಯಾವುದೋ ರೂಮಿನ ಬೀಗದ ಕೀ ಸಿಗ್ಲಿಲ್ವಂತೆ. ಕೊನೆಗೆ ನೀರು ಮೊಣಕಾಲಿಗೆ ಇಳಿದಮೇಲೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ದಾಟಿಸಿದ್ರು, ಅಷ್ಟರಲ್ಲಿ ಕತ್ತಲಾಗಿತ್ತು.

ಮಳೆ ಬಂದಿದ್ದು ಮೇಲೆ, ಬೆಟ್ಟದ ಆ ಕಡೆ. ಇದೇ ಜನಕ್ಕೆ ತಲೆಗೆ ಹೋಗದೇ ಇರೋದು. ಫಾಲ್ಸ್‌ಗೆ ನೀರು ನಿಮ್ಮ ತಲೆ ಮೇಲಿನ ಮೋಡದಿಂದ ಬರಲ್ಲ, ಎಷ್ಟೋ ಕಿಲೋಮೀಟರ್ ಹಿಂದಿನ ಹಳ್ಳಗಳೆಲ್ಲ ಸೇರಿ ಬರುತ್ತೆ, ಕಲ್ಲು ನೆಲ ಆದ್ರೆ ಇಂಗೋದೂ ಕಮ್ಮಿ, ಎಲ್ಲಾ ಒಟ್ಟಿಗೆ ಇಳಿದುಬಿಡುತ್ತೆ. ಮೇಲೆ ಡ್ಯಾಂ ಇದ್ರೆ ಮಳೆನೂ ಬೇಕಾಗಿಲ್ಲ, ಗೇಟ್ ಎತ್ತಿದ್ರೆ ಸಾಕು. 2024ರ ಮೇ ತಿಂಗಳಲ್ಲಿ ತಮಿಳುನಾಡಿನ ಕುಟ್ರಾಲಂ ಹಳೇ ಫಾಲ್ಸಲ್ಲಿ ಹಿಂಗೇ ನೀರು ನುಗ್ಗಿ 17 ವರ್ಷದ ಹುಡುಗ ಕೊಚ್ಚಿಹೋದ. ಮೇಲಿನಿಂದ ಬೀಳೋದು ಇನ್ನೊಂದು ಥರ, ಅಮೆರಿಕದ ಯೊಸೆಮಿಟಿ ಪಾರ್ಕಲ್ಲಿ 2011ರಲ್ಲಿ ವರ್ನಲ್ ಫಾಲ್ಸ್ ತುದೀಲಿ ರೈಲಿಂಗ್ ದಾಟಿ ಹೋದೋರಲ್ಲಿ ಮೂವರು ಸತ್ರು, ಒಬ್ರು ಜಾರಿದಾಗ ಹಿಡಿಯೋಕೆ ಹೋಗಿ ಮಿಕ್ಕವರೂ ಹೋದ್ರು.

ಈಜು ಬರುತ್ತೆ ಅನ್ನೋ ಧೈರ್ಯದವರಿಗೆ ಬೇರೆಯಾಗಿ ಹೇಳ್ಬೇಕು. ನೀರು ಬೀಳೋ ಜಾಗದಲ್ಲಿ ಗಾಳಿ ಗುಳ್ಳೆ ತುಂಬಿರುತ್ತೆ, ಆ ಬೆಳ್ಳನೆ ನೀರು ನಿಮ್ಮನ್ನ ಸರಿಯಾಗಿ ತೇಲಿಸಲ್ಲ, ಮೇಲಾಗಿ ಅಲ್ಲಿ ಸುಳಿ ಹೊರಗೆ ತಳ್ಳೋ ಬದಲು ವಾಪಸ್ ಫಾಲ್ಸ್ ಕಡೆಗೇ ಎಳೆಯುತ್ತೆ. ಹರಿಯೋ ನೀರಿನ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗುತ್ತೆ, ಅದಕ್ಕೇ ಮೊಣಕಾಲ ಮಟ್ಟದ ನೀರೂ ಗಟ್ಟಿಮುಟ್ಟಾದ ಗಂಡಸನ್ನ ಬೀಳಿಸೋದು. ಅಕಸ್ಮಾತ್ ಕೊಚ್ಕೊಂಡು ಹೋದ್ರೆ ಎದ್ದು ನಿಲ್ಲೋಕೆ ನೋಡ್ಬೇಡಿ, ಕಲ್ಲಿನ ಸಂದೀಲಿ ಪಾದ ಸಿಕ್ಕಾಕ್ಕೊಂಡ್ರೆ ನೀರು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತೆ. ಅಂಗಾತ ಮಲಗಿ, ಕಾಲು ನೀರು ಹೋಗೋ ದಿಕ್ಕಿಗೆ ಇಟ್ಟು, ದಡದ ಕಡೆ ಕೈ ಹೊಡೀರಿ.

ವಾಪಸ್ ಬಂದು ಕೌಂಟರಲ್ಲಿ ಕೇಳಿದ್ರೆ ಅವನು ಬೋರ್ಡ್ ತೋರಿಸಿದ. ಮೇಲೆ ಮಳೆ ಆಗ್ತಿದ್ಯಾ ಅಂತ ಹೇಳೋಕೆ ಯಾರಾದ್ರೂ ಇದಾರಾ ಅಂದೆ, "ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಸಾರ್" ಅಂದ. ಲಿಖಿತವಾಗಿ ಕಂಪ್ಲೇಂಟ್ ಕೊಟ್ಟಿದೀನಿ, ಈವರೆಗೂ ಉತ್ತರ ಇಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ನನ್ನ ಜೇಬಲ್ಲಿದ್ದ ಕಾರಿನ ರಿಮೋಟ್ ಕೀ ನೆನೆದು ಹೋಗಿತ್ತು, ಬಟನ್ ಒತ್ತಿದ್ರೆ ಏನೂ ಇಲ್ಲ, ಖಾಲಿ ಪಾರ್ಕಿಂಗಲ್ಲಿ ಒದ್ದೆ ಬಟ್ಟೇಲಿ ನಡುಗ್ತಿರೋ ಮಕ್ಕಳು. ತುಂಬ ಕಾರುಗಳ ರಿಮೋಟ್ ಒಳಗೇ ಒಂದು ಚಿಕ್ಕ ಲೋಹದ ಕೀ ಇರುತ್ತೆ, ಸೈಡಲ್ಲಿ ಒತ್ತಿ ಎಳೆದ್ರೆ ಬರುತ್ತೆ, ಅದರಿಂದ ಬಾಗಿಲು ತೆಗೆದು ರಿಮೋಟನ್ನ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದ್ವಿ, ಪುಣ್ಯಕ್ಕೆ ಸ್ಟಾರ್ಟ್ ಆಯ್ತು. ನಿಮ್ಮ ಕಾರಲ್ಲಿ ಹೆಂಗೆ ಅಂತ ಮನೇಲೇ ಒಂದ್ಸಲ ಮಾಡಿ ನೋಡಿ. ಅಲ್ಲಿ ನೆಟ್‌ವರ್ಕ್ ಇರ್ಲಿಲ್ಲ, ಯಾರಿಗೂ ಫೋನ್ ಮಾಡೋ ಹಾಗಿರ್ಲಿಲ್ಲ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ದಿದ್ರೂ ಬೇರೆ ಕಂಪನಿ ಟವರ್ ಇದ್ರೆ ತುರ್ತು ನಂಬರ್ 112ಕ್ಕೆ ಕಾಲ್ ಹೋಗೋ ಸಾಧ್ಯತೆ ಇರುತ್ತೆ, ಟ್ರೈ ಮಾಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಂಡಿದ್ರೆ ಜಿಪಿಎಸ್‌ಗೆ ನೆಟ್ ಬೇಕಾಗಿಲ್ಲ.

ಮುಂದೆ ಅದೇ ಹಳ್ಳ ರೋಡ್ ಮೇಲೆ ಹರೀತಿತ್ತು. ಮುಂದಿದ್ದ ಗಾಡಿಯವರು ಹಾರ್ನ್ ಹೊಡ್ಕೊಂಡು ದಾಟಿದ್ರು, ನಮ್ಮನ್ನೂ ಕೈ ಸನ್ನೆ ಮಾಡಿ ಕರೆದ್ರು. 30 ಸೆಂಟಿಮೀಟರ್ ಹರಿಯೋ ನೀರು ಸಾಕು ಚಿಕ್ಕ ಕಾರನ್ನ ತೇಲಿಸ್ಕೊಂಡು ಹೋಗೋಕೆ, ಮೇಲಾಗಿ ಕತ್ತಲಲ್ಲಿ ಕೆಳಗೆ ರೋಡ್ ಉಳಿದಿದ್ಯಾ ಕಿತ್ಕೊಂಡು ಹೋಗಿದ್ಯಾ ಅಂತನೇ ಕಾಣಲ್ಲ. ಅಕ್ಕ ಕೀ ಕಿತ್ಕೊಂಡು ತನ್ನ ಬ್ಯಾಗಿಗೆ ಹಾಕ್ಕೊಂಡ್ಲು, "ಬೆಳಗಾಗೋವರೆಗೂ ಈ ಗಾಡಿ ಅಲ್ಲಾಡಲ್ಲ" ಅಂದ್ಲು. ಭಾವ ಕೂಡ ಎದುರು ಮಾತಾಡ್ಲಿಲ್ಲ, ಕಾರಲ್ಲೇ ಮಲಗಿದ್ವಿ.