ನೆಲಮಾಳಿಗೆಯ ಹಳೆಯ ಮೇಟ್ಯಾಗ್ ಜೋಡಿ: 11 ವರ್ಷಗಳ ಬಳಕೆಯ ಅನುಭವ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಾವು 2013ರಲ್ಲಿ ಕೊಂಡ ಮನೆಯ ನೆಲಮಾಳಿಗೆಯಲ್ಲಿ, ಹಿಂದಿನ ಮಾಲೀಕರು 1970ರ ದಶಕದ, ಮೇಟ್ಯಾಗ್ ಎಂಬ ಅಮೆರಿಕನ್ ಕಂಪನಿಯ ಒಂದು ವಾಷಿಂಗ್ ಮಷೀನನ್ನೂ ಅದರ ಜೊತೆಯ ಡ್ರೈಯರನ್ನೂ ಬಿಟ್ಟುಹೋಗಿದ್ದರು. ಹೊಸದನ್ನು ತರುವವರೆಗೆ ಇರಲಿ ಎಂದು ಬಳಸತೊಡಗಿದ ಈ ಜೋಡಿಯನ್ನು 11 ವರ್ಷ ಕಳೆದ ಮೇಲೂ ಬದಲಿಸಿರಲಿಲ್ಲ. ಇವುಗಳ ಬಾಳಿಕೆಯನ್ನು ಹೊಗಳುವವರು ಬಹಳ ಮಂದಿ ಇರುವುದರಿಂದ, ನಾನು ಮುಖ್ಯವಾಗಿ ಇವುಗಳ ಗುಂಡಿಗಳ ಬಗ್ಗೆ ಬರೆಯುತ್ತೇನೆ.

ವಾಷಿಂಗ್ ಮಷೀನಿನ ಫಲಕದ ನಟ್ಟನಡುವೆ ಟೈಮರಿನ ದೊಡ್ಡ ಗುಂಡಿಯಿದೆ. ಅದನ್ನು ಎಳೆದರೆ ಯಂತ್ರ ಓಡುತ್ತದೆ, ಒತ್ತಿದರೆ ನಿಲ್ಲುತ್ತದೆ. ಒತ್ತಿದ ಸ್ಥಿತಿಯಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ, ಒಗೆಯುವುದು, ಜಾಲಿಸುವುದು, ಹಿಂಡುವುದು ಇವುಗಳಲ್ಲಿ ಯಾವ ಹಂತಕ್ಕೆ ಬೇಕಾದರೂ ನೇರವಾಗಿ ಹೋಗಬಹುದು. ಎದುರು ದಿಕ್ಕಿಗೆ ಮಾತ್ರ ತಿರುಗಿಸಬಾರದು. ನೀರಿನ ಮಟ್ಟಕ್ಕೆ ಬೇರೆ ಗುಂಡಿ. ತೊಟ್ಟಿಯಲ್ಲಿ ನೀರು ಏರಿದಂತೆ ಒಂದು ಸಣ್ಣ ಕೊಳವೆಯೊಳಗಿನ ಗಾಳಿಯ ಒತ್ತಡ ಹೆಚ್ಚಿ ಸ್ವಿಚ್ಚನ್ನು ತಟ್ಟುತ್ತದೆ, ನಲ್ಲಿ ಮುಚ್ಚಿಕೊಳ್ಳುತ್ತದೆ. ನಡುವೆ ಇನ್ನೆರಡು ಬಟ್ಟೆ ಹಾಕಬೇಕೆನಿಸಿದರೆ ಇದೇ ಗುಂಡಿಯನ್ನು ತಿರುಗಿಸಿ ನೀರು ಹೆಚ್ಚಿಸಿಕೊಳ್ಳಬಹುದು. ಒಗೆಯಲು ಎಷ್ಟು ಬಿಸಿ, ಜಾಲಿಸಲು ಎಷ್ಟು ಬಿಸಿ ಎಂಬುದಕ್ಕೆ ಮೂರನೆಯದು. ಒಂದು ಗುಂಡಿಗೆ ಒಂದೇ ಕೆಲಸ ಇರುವುದರಿಂದ, ಯಂತ್ರ ಯಾವ ಹಂತದಲ್ಲಿದೆ ಎಂಬುದನ್ನು ಬಾಗಿಲಲ್ಲಿ ನಿಂತೇ ನೋಡಿ ತಿಳಿಯಬಹುದು.

ಈ ಅನುಕೂಲದ ಬೆಲೆ ನನಗೆ ಗೊತ್ತಾದದ್ದು ಅಮ್ಮ ಮೈಸೂರಿನಿಂದ ಬಂದು ಆರು ತಿಂಗಳು ನಮ್ಮೊಡನೆ ಇದ್ದಾಗ. ಪಂಚೆ, ಹಾಸುಬಟ್ಟೆಗಳನ್ನು ರಾತ್ರಿಯೇ ನೆನೆಹಾಕುವುದು ಅವರ ಪದ್ಧತಿ. ಬಿಸಿನೀರು ತುಂಬಿಸಿ, ಸೋಪಿನ ಪುಡಿ ಕರಗುವಷ್ಟು ಹೊತ್ತು ಓಡಿಸಿ, ಗುಂಡಿ ಒತ್ತಿ ಮಲಗಿಬಿಡುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿದು ಬಂದು ಗುಂಡಿ ಎಳೆದರೆ ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತಿತ್ತು. ಬಣ್ಣ ಬಿಡುವ ಹೊಸ ಹತ್ತಿ ಸೀರೆಯಾದರೆ ತಣ್ಣೀರಿನಲ್ಲಿ ಎರಡು ನಿಮಿಷ ಮಾತ್ರ ಆಡಿಸಿ ನೇರವಾಗಿ ನೀರು ಬಸಿಯುವ ಹಂತಕ್ಕೆ ತಿರುಗಿಸುತ್ತಿದ್ದರು. ಶುರುವಾದೊಡನೆ ಮುಚ್ಚಳಕ್ಕೆ ಬೀಗ ಬೀಳುವ ತಂಗಿಯ ಮನೆಯ ಹೊಸ ಯಂತ್ರವನ್ನು ನೋಡಿ ಬಂದ ಮೇಲೆ, "ನಮ್ದಾದ್ರೆ ಹೇಳಿದ ಮಾತು ಕೇಳುತ್ತೆ ಕಣೋ" ಎಂದರು.

ಒಳಗಿನ ರಚನೆಯೂ ಇಷ್ಟೇ ಸರಳ. ಮೋಟಾರು ಒಂದು ದಿಕ್ಕಿಗೆ ತಿರುಗಿದಾಗ ನಡುವಿನ ಅಜಿಟೇಟರ್, ಅಂದರೆ ಬಟ್ಟೆಯನ್ನು ಅಲುಗಿಸುವ ರೆಕ್ಕೆಗಳ ಕಂಬ, ಹಿಂದೆ ಮುಂದೆ ಆಡುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿದಾಗ ಬ್ರೇಕ್ ಸಡಿಲಗೊಂಡು ಇಡೀ ತೊಟ್ಟಿ ಗಿರಗಿರನೆ ಸುತ್ತುತ್ತದೆ, ಅದೇ ವೇಳೆಗೆ ಪಂಪು ನೀರನ್ನು ಹೊರಹಾಕುತ್ತದೆ. ಹಿಂಡುವಾಗ ಮುಚ್ಚಳ ಎತ್ತಿದರೆ ಕೆಲವೇ ಕ್ಷಣಗಳಲ್ಲಿ ತೊಟ್ಟಿ ನಿಲ್ಲುತ್ತದೆ. ಇದಕ್ಕೆ ಎರಡು ಬೆಲ್ಟುಗಳಿದ್ದು, ನಾನು ಈವರೆಗೆ ಬದಲಿಸಿರುವುದು ಅವನ್ನು ಮಾತ್ರ. ಆಗಲೂ ಮೊದಲ ಸಲ ಮೋಸಹೋದೆ: ಆನ್‌ಲೈನ್ ಮಾರಾಟಗಾರರೊಬ್ಬರು "ಎಲ್ಲಕ್ಕೂ ಹೊಂದುತ್ತದೆ" ಎಂದು ಕಳುಹಿಸಿದ್ದು ಕಾರಿನ ಬೆಲ್ಟಿನಂಥ ಬಿಗಿಹಿಡಿತದ್ದು. ಈ ಯಂತ್ರದಲ್ಲಿ ತೊಟ್ಟಿ ವೇಗ ಪಡೆಯುವ ತನಕ ಬೆಲ್ಟು ತುಸು ಜಾರಲೇಬೇಕು, ಕ್ಲಚ್ಚಿನ ಕೆಲಸ ಮಾಡುವುದೇ ಆ ಜಾರಿಕೆ. ಸರಿಯಾದ ಬೆಲ್ಟು ಹಾಕಿದ ಮೇಲೆ ಮೋಟಾರಿನ ನರಳಾಟ ನಿಂತಿತು.

ಡ್ರೈಯರಿನಲ್ಲಿ ಗುಂಡಿಗಳು ಕಡಿಮೆ, ಜಾಣತನ ಹೆಚ್ಚು. ಇಂತಿಷ್ಟು ನಿಮಿಷ ಎಂದು ಹೇಳುವ ಬದಲು ಬಟ್ಟೆಯ ಬಗೆಯನ್ನು ಆರಿಸಿ, ಶುರುಮಾಡುವ ಗುಂಡಿ ಒತ್ತಿದರೆ ಸಾಕು. ಡ್ರಮ್ಮಿನೊಳಗಿನ ಲೋಹದ ಪಟ್ಟಿಗಳಿಗೆ ಒದ್ದೆ ಬಟ್ಟೆ ತಾಗಿದಾಗಲೆಲ್ಲ ಒಂದು ಕೆಪಾಸಿಟರಿನಲ್ಲಿ ಕೂಡುತ್ತಿರುವ ವಿದ್ಯುತ್ತು ಸೋರಿಹೋಗುತ್ತದೆ. ಬಟ್ಟೆ ಒಣಗಿದಾಗ ಸೋರಿಕೆ ನಿಂತು, ಕೆಪಾಸಿಟರ್ ತುಂಬಿ, ಯಂತ್ರ ಬಟ್ಟೆಯ ಬಿಸಿ ತಣಿಸುವ ಹಂತಕ್ಕೆ ಸಾಗುತ್ತದೆ. ಕಂಪ್ಯೂಟರ್ ಚಿಪ್‌ನ ಹಂಗಿಲ್ಲದೆ ಇದನ್ನು ಸಾಧಿಸಿದವರಿಗೆ ನಮಸ್ಕಾರ. ಬಟ್ಟೆ ಮೆದುವಾಗಲು ಹಾಕುವ ಹಾಳೆಗಳ ಮೇಣ ಆ ಪಟ್ಟಿಗಳಿಗೆ ಅಂಟುವುದರಿಂದ ಆಗಾಗ ಒರೆಸಬೇಕು, ನೂಲಿನ ಜುಂಗು ಹಿಡಿಯುವ ಜಾಲರಿಯನ್ನಂತೂ ಪ್ರತಿ ಸಲವೂ ತೆಗೆದು ಶುಚಿಮಾಡಬೇಕು.

ಕೊರತೆಗಳಲ್ಲಿ ದೊಡ್ಡದು ನೀರು. ಆ ಕಾಲದ ಯಂತ್ರಗಳು ತುಂಬಿದ ಒಂದು ಒಗೆತಕ್ಕೆ ಸುಮಾರು 150 ಲೀಟರ್ ಕುಡಿಯುತ್ತವೆ. ಈಗಿನ ಮುಂಬಾಗಿಲ ಯಂತ್ರಗಳಿಗೆ ಅದರ ಅರ್ಧವೂ ಬೇಡ. ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕೊಂಡು ಬಾಳಿದ ನನಗೆ ಅಷ್ಟು ನೀರು ತುಂಬುವ ಸದ್ದು ಇಂದಿಗೂ ಚುಚ್ಚುತ್ತದೆ. ಸೀರೆಯಂಥ ಉದ್ದದ ಬಟ್ಟೆ ಅಜಿಟೇಟರಿಗೆ ಸುತ್ತಿಕೊಳ್ಳುವುದರಿಂದ ಸಡಿಲವಾಗಿ ಸುರುಳಿ ಮಾಡಿ ಹಾಕಬೇಕು, ರೇಷ್ಮೆಯನ್ನು ಹಾಕಲೇಬಾರದು. ಇನ್ನು ಬಿಡಿಭಾಗಗಳು: 2006ರಲ್ಲಿ ಕಂಪನಿ ವರ್ಲ್‌ಪೂಲ್ ಪಾಲಾಗಿ, 2007ರಲ್ಲಿ ಅಯೋವಾ ರಾಜ್ಯದ ನ್ಯೂಟನ್ ಊರಿನ ಮೇಟ್ಯಾಗ್ ಕಾರ್ಖಾನೆ ಮುಚ್ಚಿದ ಮೇಲೆ, ಹಲವನ್ನು ಕಳಚಿದ ಹಳೆಯ ಯಂತ್ರಗಳಿಂದಲೇ ಹುಡುಕಬೇಕು.

ಇಂಥ ಜೋಡಿಯನ್ನು ಕೊಳ್ಳುವವರು ಪಿಂಗಾಣಿ ಲೇಪನ ಎದ್ದು ತುಕ್ಕು ಹಿಡಿದಿದೆಯೇ, ತೊಟ್ಟಿಯ ಕೆಳಗೆ ಎಣ್ಣೆ ಅಥವಾ ನೀರು ಜಿನುಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಡ್ರೈಯರಿಗೆ 240 ವೋಲ್ಟ್ ಬೇಕು, ಹಳೆಯ ವೈರಿಗೆ ಮೂರೇ ಕಡ್ಡಿಗಳಿರುತ್ತವೆ. ಹೊಸ ಮನೆಯ ಗೋಡೆಯಲ್ಲಿ ನಾಲ್ಕು ಕಡ್ಡಿಗಳ ಸಾಕೆಟ್ ಇರುವುದರಿಂದ, ಎಲೆಕ್ಟ್ರಿಷಿಯನ್‌ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಬೇಕು.